ಗಿಟಾರಿನ ಮೆಲುದನಿಯನ್ನು ಕೊಂದವರು ಯಾರು?

ಸಹಕಾರನಗರದ ನಮ್ಮ ಬೀದಿಯಲ್ಲಿ ಸಂಜೆಯಾದರೆ ಒಂದು ಮನೆಯ ಮಹಡಿಯಿಂದ ಗಿಟಾರಿನ ನಾದ ಇಳಿದು ಬರುತ್ತದೆ. ನುಡಿಸುವವನು ಈಗಷ್ಟೇ ಪಿಯುಸಿ ಮುಗಿಸಿದ ಹುಡುಗ. ತಂತಿಯನ್ನು ಒಮ್ಮೆ ಸವರಿದಂತೆ ಮೀಟುತ್ತಾನೆ, ಒಮ್ಮೆ ಸಿಟ್ಟು ಬಂದವನಂತೆ ಬಾರಿಸುತ್ತಾನೆ, ಮತ್ತೊಮ್ಮೆ ಮೀಟಿದ ಸ್ವರ ತಾನಾಗಿಯೇ ಆರಿಹೋಗುವವರೆಗೆ ಕಾಯುತ್ತಾನೆ. ಆ ಕಾಯುವ ಹೊತ್ತಿನಲ್ಲಿ ಕೊಡಿಗೇಹಳ್ಳಿ ಕಡೆಯ ರೈಲಿನ ಸದ್ದು, ಎದುರು ಮನೆಯ ಕುಕ್ಕರಿನ ಸೀಟಿ ಎಲ್ಲವೂ ಬಂದು ಸೇರಿಕೊಳ್ಳುತ್ತವೆ. ನಾವು ಸಂಗೀತಶಾಸ್ತ್ರ ಕಲಿತವರಲ್ಲ. ಆದರೂ ಆ ಹುಡುಗನ ಮನಸ್ಸು ಇವತ್ತು ಹೇಗಿದೆ ಎನ್ನುವುದು ನಮಗೆ ಅವನ ಬೆರಳಿನಿಂದಲೇ ತಿಳಿದುಬಿಡುತ್ತದೆ.

ಕಳೆದ ವರ್ಷ ಅವನು ಕೈಖರ್ಚಿನ ಹಣ ಉಳಿಸಿ ಒಂದು ಸಣ್ಣ ಸ್ಟುಡಿಯೋದಲ್ಲಿ ತನ್ನದೇ ಮಟ್ಟೊಂದನ್ನು ರೆಕಾರ್ಡ್ ಮಾಡಿಸಿದ. ಮನೆಯವರನ್ನೂ ಅಕ್ಕಪಕ್ಕದವರಾದ ನಮ್ಮನ್ನೂ ಕೂರಿಸಿಕೊಂಡು ಕೇಳಿಸಿದ. ಸದ್ದು ಭರ್ಜರಿಯಾಗಿತ್ತು. ಹುಡುಗನ ಅಜ್ಜಿ ಸ್ವಲ್ಪ ಹೊತ್ತು ಕೇಳಿ, "ಇದ್ಯಾಕಪ್ಪಾ, ಇಷ್ಟು ಜೋರಾಗಿದ್ರೂ ಏನೂ ಕೇಳಿಸ್ತಾನೇ ಇಲ್ವಲ್ಲ? ನೀನು ನುಡಿಸ್ದಂಗೇ ಇಲ್ಲ" ಎಂದುಬಿಟ್ಟರು. ಹುಡುಗನ ಮುಖ ಸಪ್ಪಗಾಯಿತು. ಮರುದಿನ ಅವನು ಸ್ಟುಡಿಯೋದವರನ್ನು ವಿಚಾರಿಸಿದಾಗ ಬಂದ ಉತ್ತರ ಇಷ್ಟೇ: "ಚೆನ್ನಾಗಿ ಕಂಪ್ರೆಸ್ ಮಾಡಿದೀವಿ. ಜೋರಾಗಿಲ್ಲ ಅಂದ್ರೆ ಯಾರು ಕೇಳ್ತಾರೆ?"

ಜೋರಾಗಿಲ್ಲದಿದ್ದರೆ ಯಾರು ಕೇಳುತ್ತಾರೆ! ಇದು ಒಂದು ಸ್ಟುಡಿಯೋದ ಮಾತಲ್ಲ. ಕಳೆದ ಮೂರು ದಶಕಗಳಿಂದ ಇಡೀ ಧ್ವನಿಮುದ್ರಣ ಉದ್ಯಮವನ್ನು ಆಳುತ್ತಿರುವ ಮಂತ್ರ. ಈ ಮಂತ್ರವನ್ನು ನಾವು ಪ್ರಶ್ನಿಸಲೇಬೇಕಾಗಿದೆ.

ಮೊದಲಿಗೆ ಈ ಕಂಪ್ರೆಶನ್ ಎಂದರೇನು? ಹಾಡು ಕೇಳುತ್ತಿರುವಾಗ ಯಾರೋ ಒಬ್ಬರು ರೇಡಿಯೋದ ವಾಲ್ಯೂಮ್ ಗುಂಡಿಯ ಮೇಲೆ ಕೈಯಿಟ್ಟು ಕುಳಿತಿದ್ದಾರೆಂದು ಭಾವಿಸೋಣ. ಸದ್ದು ಒಂದು ಗೆರೆ ದಾಟಿದ ಕೂಡಲೇ ಅವರು ಗುಂಡಿ ತಿರುಗಿಸಿ ಇಳಿಸುತ್ತಾರೆ, ಸದ್ದು ತಗ್ಗಿದ ಕೂಡಲೇ ಮೊದಲಿನ ಜಾಗಕ್ಕೆ ತರುತ್ತಾರೆ. ಈ ಕೆಲಸವನ್ನು ಮನುಷ್ಯನಿಗಿಂತ ಸಾವಿರ ಪಾಲು ಚುರುಕಾಗಿ ಮಾಡುವ ಯಂತ್ರವೇ ಕಂಪ್ರೆಸರ್. ಗೆರೆ ಎಲ್ಲಿರಬೇಕು, ಎಷ್ಟು ಪಾಲು ಇಳಿಸಬೇಕು, ಎಷ್ಟು ಬೇಗ ಹಿಡಿಯಬೇಕು, ಎಷ್ಟು ನಿಧಾನವಾಗಿ ಬಿಡಬೇಕು ಎಂಬುದನ್ನು ರೆಕಾರ್ಡಿಸ್ಟ್ ಮೊದಲೇ ನಿಗದಿ ಮಾಡಿರುತ್ತಾರೆ.

ಗಿಟಾರಿನ ಮಟ್ಟಿಗೆ ಇದರ ಪರಿಣಾಮ ಏನೆಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಯಂತ್ರವನ್ನು 4ಕ್ಕೆ 1ರ ಪ್ರಮಾಣದಲ್ಲಿ ಇಟ್ಟರೆ, ಗೆರೆಗಿಂತ 12 ಡೆಸಿಬಲ್ ಮೇಲೆ ಹಾರಿದ ಒಂದು ಗಟ್ಟಿ ಮೀಟು ಕೇವಲ 3 ಡೆಸಿಬಲ್ ಮೇಲಕ್ಕೆ ಇಳಿಯುತ್ತದೆ. ಅಂದರೆ 9 ಡೆಸಿಬಲ್ ಕತ್ತರಿಸಿಹೋಯಿತು. ಆ ನಷ್ಟ ತುಂಬಲು ಇಡೀ ಹಾಡನ್ನು 9 ಡೆಸಿಬಲ್ ಎತ್ತುತ್ತಾರೆ. ಈಗ ಆ ಗಟ್ಟಿ ಮೀಟು ಇದ್ದಲ್ಲಿಗೇ ಬಂತು, ಆದರೆ ಗೆರೆಯ ಕೆಳಗಿದ್ದದ್ದೆಲ್ಲ 9 ಡೆಸಿಬಲ್ ಮೇಲೇರಿ ಕುಳಿತಿತು. ಮೊದಲು ಗಟ್ಟಿ ಮೀಟಿಗೂ ಮೆಲು ಮೀಟಿಗೂ 30 ಡೆಸಿಬಲ್ ಅಂತರವಿದ್ದರೆ ಈಗ ಉಳಿದದ್ದು 21. ಇಷ್ಟಕ್ಕೇ ಯಾರೂ ನಿಲ್ಲಿಸುವುದಿಲ್ಲ. ಗಿಟಾರಿಗೆ ಒಮ್ಮೆ, ಎಲ್ಲ ವಾದ್ಯ ಸೇರಿದ ಮೇಲೆ ಒಮ್ಮೆ, ಕೊನೆಗೆ ಮಾಸ್ಟರಿಂಗ್ ಎಂಬ ಹೆಸರಿನಲ್ಲಿ ಮತ್ತೊಮ್ಮೆ ಹೀಗೆಯೇ ಒತ್ತುತ್ತಾರೆ.

ಗಿಟಾರ್ ಮೀಟುವ ವಾದ್ಯ. ಪಿಟೀಲಿನಂತೆ, ಕೊಳಲಿನಂತೆ ಸ್ವರವನ್ನು ಹಿಡಿದು ನಿಲ್ಲಿಸಲು ಅದಕ್ಕೆ ಬಾರದು. ಬೆರಳು ತಂತಿಯನ್ನು ಬಿಟ್ಟ ಕ್ಷಣದಲ್ಲಿ ಅದರ ಸದ್ದು ಚಿಮ್ಮುತ್ತದೆ. ಆಮೇಲೆ ಅದಕ್ಕಿರುವುದು ಇಳಿಯುವ ದಾರಿಯೊಂದೇ. ಆ ಚಿಮ್ಮುವಿಕೆ ಮತ್ತು ಆ ಇಳಿತ, ಇವೆರಡರ ನಡುವೆಯೇ ಗಿಟಾರಿನ ಜೀವ ಇರುವುದು. ಕಂಪ್ರೆಸರ್ ಕೈಹಾಕುವುದು ನೇರವಾಗಿ ಇಲ್ಲಿಗೇ. ಯಂತ್ರ ಬೇಗ ಹಿಡಿದರೆ ಬೆರಳಿನ ಏಟು ಮೊಂಡಾಗುತ್ತದೆ. ನಿಧಾನವಾಗಿ ಹಿಡಿದರೆ ಏಟು ತಪ್ಪಿಸಿಕೊಂಡು ಮುಳ್ಳಿನಂತೆ ಎದ್ದು ನಿಲ್ಲುತ್ತದೆ, ಅದರ ಹಿಂದಿನ ಮೈ ಕುಗ್ಗುತ್ತದೆ. ಇತ್ತ ಆರಿಹೋಗಬೇಕಾದ ಸ್ವರ ಆರುವುದೇ ಇಲ್ಲ, ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ತಂತಿಯ ಮೇಲೆ ಬೆರಳು ಜಾರುವ ಕಿರ್ರೆನ್ನುವ ಸದ್ದು, ನುಡಿಸುವವನ ಉಸಿರು, ಕೋಣೆಯ ಫ್ಯಾನಿನ ಗುಂಯ್‌ಗುಟ್ಟುವಿಕೆ ಎಲ್ಲವೂ ಸ್ವರದ ಸಮಕ್ಕೆ ಬಂದು ನಿಲ್ಲುತ್ತವೆ. ಆ ಅಜ್ಜಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಎಲ್ಲವೂ ಕೇಳಿಸುತ್ತಿತ್ತು, ಮೊಮ್ಮಗನ ಬೆರಳು ಮಾತ್ರ ಕೇಳಿಸುತ್ತಿರಲಿಲ್ಲ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಕಂಪ್ರೆಶನ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಈವರೆಗೆ ಹೇಳಿದ್ದು ಸದ್ದಿನ ಏರಿಳಿತವನ್ನು ಒತ್ತುವ ಕೆಲಸ. ಇನ್ನೊಂದು, ಕಡತದ ಗಾತ್ರವನ್ನು ಒತ್ತುವ ಕೆಲಸ, ಅಂದರೆ ಎಂಪಿ3. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು ಮುಂಚೂಣಿಯಲ್ಲಿ ನಿಂತು ರೂಪಿಸಿದ ಈ ವಿಧಾನಕ್ಕೆ ಎಂಪಿ3 ಎಂಬ ಹೆಸರು ಅಂಟಿಕೊಂಡದ್ದು 1995ರಲ್ಲಿ. ಮನುಷ್ಯನ ಕಿವಿ ಯಾವುದನ್ನು ಗಮನಿಸುವುದಿಲ್ಲವೋ ಅದನ್ನು ಎಸೆದುಬಿಡುವುದು ಇದರ ಉಪಾಯ. ಸಿಡಿಯಲ್ಲಿ ಸುಮಾರು 50 ಎಂಬಿ ಬೇಡುವ ಐದು ನಿಮಿಷದ ಹಾಡು 128 ಕೆಬಿಪಿಎಸ್ ಎಂಪಿ3ಯಲ್ಲಿ 5 ಎಂಬಿಯೊಳಗೆ ಕೂರುತ್ತದೆ. ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಮಾಹಿತಿ ಹೊರಕ್ಕೆ!

ಈ ಮಿತವ್ಯಯದಲ್ಲೂ ಮೀಟುವ ವಾದ್ಯಗಳಿಗೇ ಹೆಚ್ಚು ಪೆಟ್ಟು. ಎಂಪಿ3 ಹಾಡನ್ನು ಸುಮಾರು 26 ಮಿಲಿಸೆಕೆಂಡಿನ ತುಂಡುಗಳಾಗಿ ನೋಡುತ್ತದೆ. ನಿಶ್ಶಬ್ದದ ನಡುವೆ ತಟ್ಟನೆ ಒಂದು ತಂತಿ ಮೀಟಿದರೆ, ಅಂದಾಜು ತಪ್ಪಿದ ಪುಡಿಸದ್ದು ಆ ತುಂಡಿನ ಉದ್ದಕ್ಕೂ ಹರಡಿ, ಮೀಟಿಗೆ ಮುಂಚೆಯೇ ಒಂದು ಪಿಸುಗುಡುವಿಕೆ ಕೇಳಿಸುತ್ತದೆ. ಇದನ್ನು ತಡೆಯಲು ಸಣ್ಣ ತುಂಡುಗಳನ್ನು ಬಳಸುವ ಉಪಾಯವಿದ್ದರೂ ಗಾತ್ರ ತೀರಾ ಕುಗ್ಗಿಸಿದಾಗ ಅದು ಸಾಲದೆ ಹೋಗುತ್ತದೆ. ತಂತಿಯ ಮಿಣುಕಿಗೆ ಕಾರಣವಾದ ಎತ್ತರದ ಕಂಪನಗಳನ್ನೂ ಅಲ್ಲಿ ಸಾಮಾನ್ಯವಾಗಿ ಕತ್ತರಿಸಲಾಗುತ್ತದೆ.

ಹಾಗಿದ್ದೂ ನಾವು ಎಂಪಿ3ಯನ್ನು ಬಯ್ಯಲಾರೆವು. ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ನೂರು ಹಾಡಿನ ಒಂದು ಸಿಡಿ ಕೊಂಡು, ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಕೇಳಿದವರು ನಾವು. ಕೂಲಿಯವನ ಜೇಬಿಗೂ ಸಂಗೀತವನ್ನು ತಲುಪಿಸಿದ್ದು ಅದೇ. ಬಡವನ ಅಗತ್ಯದಿಂದ ಆದ ನಷ್ಟ ಒಂದು, ವ್ಯಾಪಾರಿಯ ದುರಾಸೆಯಿಂದ ಆದ ನಷ್ಟ ಇನ್ನೊಂದು. ನಮ್ಮ ಜಗಳ ಎರಡನೆಯದರ ಜೊತೆ. ಅಲ್ಲದೆ ಮೊದಲನೆಯ ನಷ್ಟಕ್ಕೆ ಔಷಧಿ ಸಿಕ್ಕಿಯಾಗಿದೆ. ಏನನ್ನೂ ಎಸೆಯದೆ ಹಾಡನ್ನು ಕಳುಹಿಸುವ ವ್ಯವಸ್ಥೆಯನ್ನು ಆಪಲ್ ಮ್ಯೂಸಿಕ್ 2021ರಲ್ಲಿಯೇ ಹೆಚ್ಚಿನ ಶುಲ್ಕವಿಲ್ಲದೆ ತಂದಿತು. ಆದರೆ ಸ್ಟುಡಿಯೋದಲ್ಲೇ ಚಪ್ಪಟೆಯಾದ ಹಾಡನ್ನು ಎಷ್ಟು ಶುದ್ಧವಾಗಿ ಕಳುಹಿಸಿದರೂ ತಲುಪುವುದು ಚಪ್ಪಟೆಯೇ.

ಕಂಪ್ರೆಸರ್ ಹುಟ್ಟಿದ್ದು ದುರಾಸೆಯಿಂದಲ್ಲ ಎನ್ನುವುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಅದು ಅಗತ್ಯದ ಕೂಸು. ರೇಡಿಯೋ ಪ್ರಸಾರದಲ್ಲಿ ಸದ್ದು ಒಂದು ಮಿತಿ ಮೀರುವಂತಿಲ್ಲ, ತೀರಾ ತಗ್ಗಿದರೆ ಗೊರಗೊರ ಸದ್ದಿನಲ್ಲಿ ಮುಳುಗುತ್ತದೆ. ಕ್ಯಾಸೆಟ್ಟಿನ ಕಷ್ಟವೂ ಇದೇ. ಕೆ.ಎಸ್. ನಿಸಾರ್ ಅಹಮದರ 'ನಿತ್ಯೋತ್ಸವ' ಗೀತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ಮೇಲೆ ಕನ್ನಡದ ಭಾವಗೀತೆ ಮನೆಮನೆಗೆ ನಡೆಯಿತು. ಆ ಪುಟ್ಟ ಟೇಪು ಹಿಡಿದಿಡಬಲ್ಲ ಏರಿಳಿತ ಸುಮಾರು 50ರಿಂದ 60 ಡೆಸಿಬಲ್ ಮಾತ್ರ. ಮೆಲುದನಿಯನ್ನು ಟೇಪಿನ ಸುಂಯ್ ಎನ್ನುವ ಸದ್ದಿನಿಂದ ಮೇಲೆತ್ತಿ ಉಳಿಸುವುದು ರೆಕಾರ್ಡಿಸ್ಟರ ಧರ್ಮವಾಗಿತ್ತು. ಮೆಲುದನಿಯನ್ನು ಕಾಪಾಡಲು ಬಳಸಿದ ಕೈ ಅದು.

ವಿಪರ್ಯಾಸ ಶುರುವಾಗುವುದೇ ಇಲ್ಲಿಂದ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಗೆ ಸುಮಾರು 96 ಡೆಸಿಬಲ್ ಏರಿಳಿತವನ್ನು ಹಿಡಿದಿಡುವ ಶಕ್ತಿ ಇತ್ತು. ಇಷ್ಟು ದೊಡ್ಡ ಪಾತ್ರೆ ಸಿಕ್ಕಿದ ಮೇಲೆ ನಾವು ಮಾಡಿದ್ದೇನು? ಅದರ ಬಾಯಿಯ ಅಂಚಿನಲ್ಲೇ ಎಲ್ಲವನ್ನೂ ತುರುಕಿದೆವು! ಪಕ್ಕದ ಹಾಡಿಗಿಂತ ನಮ್ಮ ಹಾಡು ಜೋರಾಗಿರಬೇಕು, ಪಕ್ಕದ ಕೇಂದ್ರಕ್ಕಿಂತ ನಮ್ಮ ಕೇಂದ್ರ ಜೋರಾಗಿರಬೇಕು ಎಂಬ ಪೈಪೋಟಿಗೆ ಪಾಶ್ಚಾತ್ಯ ಪತ್ರಿಕೆಗಳು 'ಲೌಡ್‌ನೆಸ್ ವಾರ್' ಎಂದು ಹೆಸರಿಟ್ಟವು. ಯುದ್ಧವೆಂಬುದು ಸರಿಯಾದ ಪದ. ಯುದ್ಧದಲ್ಲಿ ಮೊದಲು ಸಾಯುವುದು ಮೆಲ್ಲಗೆ ಮಾತಾಡುವವರೇ ತಾನೆ?

ಗಿಟಾರೇ ಮುಖ್ಯವಾದ ರಾಕ್ ಸಂಗೀತದಲ್ಲಿ ಈ ಯುದ್ಧ ಎಲ್ಲಿಗೆ ಮುಟ್ಟಿತೆಂದರೆ, 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಆಲ್ಬಂ ಬಂದಾಗ ಅಭಿಮಾನಿಗಳೇ ತಿರುಗಿಬಿದ್ದರು. ಸಿಡಿಯಲ್ಲಿ ಗಿಟಾರುಗಳು ಒಡೆದು ಬಿರಿದಿದ್ದವು. ಅದೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೋ ಆಟದಲ್ಲಿ ಅಷ್ಟು ಒತ್ತಿಸಿಕೊಳ್ಳದೆ ಸ್ವಚ್ಛವಾಗಿ ಕೇಳುತ್ತಿದ್ದವು. ಸರಿಪಡಿಸಿ ಕೊಡಿ ಎಂಬ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕೆನಡಾದ ರಷ್ ತಂಡ 2002ರ ತನ್ನ 'ವೇಪರ್ ಟ್ರೇಲ್ಸ್' ಆಲ್ಬಮ್ಮನ್ನು ಇದೇ ಕಾರಣಕ್ಕೆ 2013ರಲ್ಲಿ ಮತ್ತೆ ಮಿಕ್ಸ್ ಮಾಡಿಸಿ ಹೊರತಂದಿತು. ತಪ್ಪನ್ನು ಒಪ್ಪಿಕೊಂಡು ತಿದ್ದಿದ್ದಕ್ಕೆ ಅವರ ಮಾನವೇನೂ ಹೋಗಲಿಲ್ಲ.

ಅದು ಅವರ ಕತೆ, ನಮಗೇನು ಎನ್ನುವವರಿದ್ದಾರೆ. ಕನ್ನಡದ ಕಿವಿಗೂ ಗಿಟಾರಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಚಿತ್ರಗಳ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿಯುತ್ತ ಬೆಳೆದವರು ಇಳಯರಾಜಾ. ಮುಂದೆ ಅದೇ ಇಳಯರಾಜಾ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' (1981) ಚಿತ್ರಕ್ಕೆ ಸಂಗೀತ ಕೊಟ್ಟರು. ಗಿಟಾರ್ ಹಿಡಿದ ಶಂಕರ್‌ನಾಗ್‌ನನ್ನು ನೋಡಿಯೇ ನಮ್ಮ ವಾರಿಗೆಯ ಎಷ್ಟೋ ಹುಡುಗರು ಗಿಟಾರಿನ ಆಸೆ ಹಚ್ಚಿಕೊಂಡರು. ಆ ಕಾಲದಲ್ಲಿ ವಾದ್ಯಗಾರರು ಒಂದೇ ಕೋಣೆಯಲ್ಲಿ ಕುಳಿತು ಒಟ್ಟಿಗೆ ನುಡಿಸುತ್ತಿದ್ದರು. ಗಾಯಕ ಮೆಲ್ಲಗಾದರೆ ಗಿಟಾರಿನವನು ತಾನೂ ಬೆರಳನ್ನು ಹಗುರ ಮಾಡಬೇಕಿತ್ತು, ಅದಕ್ಕೆ ಅವನು ಪಕ್ಕದವನನ್ನು ಕೇಳಿಸಿಕೊಳ್ಳಲೇಬೇಕಿತ್ತು. ನಮ್ಮ ಬಡಾವಣೆಯ ಹೆಸರಿನಲ್ಲಿರುವ 'ಸಹಕಾರ' ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ಬೇಕೆ?

ಇಂದು ಅಂಥ ಹಳೆಯ ಹಾಡುಗಳಲ್ಲಿ ಕೆಲವು 'ರೀಮಾಸ್ಟರ್' ಎಂಬ ಹಣೆಪಟ್ಟಿ ಕಟ್ಟಿಕೊಂಡು ಬಂದಾಗ ನಾವು ಆಸೆಯಿಂದ ಕೇಳಲು ಕೂರುತ್ತೇವೆ. ಧೂಳು ಒರೆಸಿದ್ದಾರೆ ನಿಜ. ಆದರೆ ಧೂಳಿನ ಜೊತೆ ಚರ್ಮವನ್ನೂ ಉಜ್ಜಿಹಾಕಿದ್ದಾರೆ. ಹಿಂದೆ ನಿಂತು ಹಾಡಿಗೆ ಹೆಗಲು ಕೊಡುತ್ತಿದ್ದ ಗಿಟಾರ್ ಈಗ ಗಾಯಕನ ಮುಖದೆದುರೇ ಬಂದು ನಿಂತಿರುತ್ತದೆ.

ಕಂಪ್ರೆಶನ್ನಿನ ಪರವಾಗಿ ವಾದಿಸುವವರ ಮಾತುಗಳನ್ನೂ ಕೇಳೋಣ.

ಮೊದಲ ವಾದ: ರಾಕ್ ಗಿಟಾರಿನ ನಾದ ಹುಟ್ಟುವುದೇ ಒತ್ತಡದಿಂದ. ವಾಲ್ವ್ ಆಂಪ್ಲಿಫಯರ್ ತಾನಾಗಿಯೇ ಸದ್ದನ್ನು ಒತ್ತುತ್ತದೆ, ಸ್ವರ ಉದ್ದಕ್ಕೆ ನಿಲ್ಲುವುದು ಅದರಿಂದಲೇ. ಈ ಮಾತು ಪೂರ್ತಿ ಸರಿ. ಕಲಾವಿದ ತನ್ನ ಕಾಲಡಿಯ ಪೆಡಲನ್ನು ತಾನೇ ಒತ್ತಿ, ತನಗೆ ಬೇಕಾದ ನಾದವನ್ನು ಪಡೆದರೆ ಅದು ಅವನ ಕಲೆ. ಉಪ್ಪು ಎಷ್ಟಿರಬೇಕೆಂದು ಅಡುಗೆ ಮಾಡುವವರು ತೀರ್ಮಾನಿಸುವುದಕ್ಕೂ, ಬಡಿಸುವವನು ಎಲ್ಲ ಎಲೆಗೂ ಮತ್ತೊಂದು ಹಿಡಿ ಉಪ್ಪು ಸುರಿಯುವುದಕ್ಕೂ ವ್ಯತ್ಯಾಸವಿಲ್ಲವೇ?

ಎರಡನೆಯ ವಾದ: ಜನ ಹಾಡು ಕೇಳುವುದು ಬಸ್ಸಿನಲ್ಲಿ, ಬೈಕಿನಲ್ಲಿ, ಹೆಬ್ಬಾಳದ ಫ್ಲೈಓವರಿನ ಟ್ರಾಫಿಕ್ಕಿನಲ್ಲಿ. ಅಲ್ಲಿ ಮೆಲುದನಿ ಯಾರಿಗೆ ಕೇಳುತ್ತದೆ? ಇದರಲ್ಲೂ ಹುರುಳಿದೆ. ಆದರೆ ಹಾಗೆ ಒತ್ತುವ ಕೆಲಸವನ್ನು ಕಾರಿನ ಸ್ಟೀರಿಯೋವೋ ಮೊಬೈಲೋ ಆ ಹೊತ್ತಿಗೆ ಮಾಡಿಕೊಳ್ಳಬಹುದು. ಗದ್ದಲದಲ್ಲಿರುವವರಿಗೆ ಗದ್ದಲದ ಹಾಡು, ರಾತ್ರಿ ಮನೆಯಲ್ಲಿ ದೀಪ ಆರಿಸಿ ಕೇಳುವವರಿಗೆ ಮೂಲದ ಹಾಡು ಸಿಗುತ್ತದೆ. ಮೂಲವನ್ನೇ ಒತ್ತಿಬಿಟ್ಟರೆ ಹಿಂದಕ್ಕೆ ಬಿಚ್ಚುವ ದಾರಿಯಿಲ್ಲ. ಕಲಸಿದ ಹಿಟ್ಟಿನಿಂದ ನೀರನ್ನು ಬೇರೆ ಮಾಡಿ ಕೊಡುವವರು ಯಾರು?

ಮೂರನೆಯ ವಾದವೇ ನಮ್ಮನ್ನು ಕೆರಳಿಸುವುದು: 'ನಮ್ಮ ಜನಕ್ಕೆ ಜೋರೇ ಇಷ್ಟ.' ಯಾವ ಜನ? ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರ ವಿಲಂಬಿತವನ್ನು ಗಂಟೆಗಟ್ಟಲೆ ಕೂತು ಕೇಳಿದ ಧಾರವಾಡದ ಜನವೇ? ಏಕತಾರಿಯ ಒಂದೇ ತಂತಿಯ ಮೇಲೆ ತತ್ವಪದಗಳನ್ನು ತಲೆಮಾರುಗಳಿಂದ ಸಾಗಿಸಿಕೊಂಡು ಬಂದ ಹಳ್ಳಿಗರೇ? ಕಲಬುರಗಿಯ ಬಂದೇನವಾಜರ ಉರುಸಿನಲ್ಲಿ ಕವ್ವಾಲಿ ಕೇಳುವವರೇ? ಕವ್ವಾಲಿಯೂ ಒಂದು ಹಂತದಲ್ಲಿ ಜೋರಾಗುತ್ತದೆ. ಆದರೆ ಅದು ಮೆಲ್ಲಗೆ ಶುರುವಾಗಿ, ಕೇಳುವವನ ಕೈಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ ಅಲ್ಲಿಗೆ ಒಯ್ಯುತ್ತದೆ. ಮೊದಲ ಮೆಟ್ಟಿಲೂ ಕೊನೆಯ ಮೆಟ್ಟಿಲೂ ಒಂದೇ ಎತ್ತರದಲ್ಲಿದ್ದರೆ ಹತ್ತುವುದು ಎಲ್ಲಿಗೆ? ತಮ್ಮ ಅವಸರವನ್ನು ಜನರ ಅಭಿರುಚಿಯ ತಲೆಗೆ ಕಟ್ಟುವುದು ವ್ಯಾಪಾರಿಗಳ ಹಳೆಯ ಚಾಳಿ.

ನಾಲ್ಕನೆಯದು ಜಾಣತನದ ವಾದ. ಬಲಿಷ್ಠರನ್ನು ತಗ್ಗಿಸಿ, ದುರ್ಬಲರನ್ನು ಮೇಲೆತ್ತುವ ಯಂತ್ರ ಇದು, ಸಮಾನತೆ ಬಯಸುವ ನೀವು ಇದನ್ನು ಸ್ವಾಗತಿಸಬೇಕಲ್ಲವೇ ಎಂದು ಗೆಳೆಯರೊಬ್ಬರು ನಮ್ಮನ್ನು ಕೆಣಕಿದ್ದುಂಟು. ಇಲ್ಲಿಯೇ ನಾವು ಎಚ್ಚರದಿಂದ ಇರಬೇಕಾದದ್ದು. ಸಮಾನತೆ ಬೇರೆ, ಏಕರೂಪತೆ ಬೇರೆ. ಸಮಾನತೆಯೆಂದರೆ ಮೆಲ್ಲಗೆ ಮಾತಾಡುವವನ ಮಾತು ಮೆಲ್ಲಗಿದ್ದೂ ಕೇಳಿಸಿಕೊಳ್ಳಲ್ಪಡುವುದು. ಏಕರೂಪತೆಯೆಂದರೆ, ನೀನೂ ಕೂಗಿದರೆ ಮಾತ್ರ ನಿನ್ನನ್ನು ಕೇಳುತ್ತೇವೆ ಎನ್ನುವುದು. ಕಂಪ್ರೆಸರ್ ಮೆಲುದನಿಗೆ ಗೌರವ ಕೊಡುವುದಿಲ್ಲ, ಅದರ ಮೆಲುತನವನ್ನೇ ಕಿತ್ತುಕೊಳ್ಳುತ್ತದೆ. ಜೊತೆಗೆ ಫ್ಯಾನಿನ ಸದ್ದನ್ನೂ ಸ್ವರದ ಪಕ್ಕದಲ್ಲಿ ಕೂರಿಸುತ್ತದೆ. ಸಂಜೆಯ ಟಿವಿ ಚರ್ಚೆಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಎಲ್ಲರ ದನಿಯೂ ಸಮಾನ, ಯಾರ ಮಾತೂ ಕೇಳಿಸುವುದಿಲ್ಲ.

ಹಾಗಾದರೆ ಬೇರೆ ದಾರಿ ಇದೆಯೇ? ಇದೆ. ವಿಶ್ವಮೋಹನ ಭಟ್ಟರು ತಮ್ಮ ಮೋಹನವೀಣೆಯೊಂದಿಗೆ, ಅಮೆರಿಕದ ರೈ ಕೂಡರ್ ತಮ್ಮ ಗಿಟಾರಿನೊಂದಿಗೆ ಕ್ಯಾಲಿಫೋರ್ನಿಯಾದ ಒಂದು ಚರ್ಚಿನಲ್ಲಿ ಕುಳಿತು ನುಡಿಸಿದ 'ಎ ಮೀಟಿಂಗ್ ಬೈ ದ ರಿವರ್' 1993ರಲ್ಲಿ ಬಂತು, ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಕಂಪ್ರೆಶನ್ ಬಳಸದೆ ಮಾಡಿದ ಮುದ್ರಣ ಅದು. ಅದರಲ್ಲಿ ತಂತಿ ಜಾರುತ್ತ ಜಾರುತ್ತ ಎಲ್ಲಿ ಮುಗಿಯಿತು, ಚರ್ಚಿನ ಗಾಳಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಜೋರಿಲ್ಲದಿದ್ದರೆ ಯಾರು ಕೇಳುತ್ತಾರೆ ಎಂಬ ಪ್ರಶ್ನೆಗೆ ಲೋಕವೇ ಕೊಟ್ಟ ಉತ್ತರ ಇದು.

ಇನ್ನೂ ಮುಖ್ಯವಾದ ಸಂಗತಿಯೆಂದರೆ, ಈ ಯುದ್ಧಕ್ಕೆ ಈಗ ಕಾರಣವೇ ಉಳಿದಿಲ್ಲ. ಹಾಡು ಸರಾಸರಿಯಲ್ಲಿ ಎಷ್ಟು ಜೋರಾಗಿದೆ ಎಂದು ಅಳೆಯುವ ಅಂತರರಾಷ್ಟ್ರೀಯ ಮಾನದಂಡ 2006ರಲ್ಲಿ ಬಂತು. ಯುರೋಪಿನ ಪ್ರಸಾರ ಸಂಸ್ಥೆಗಳು 2010ರಲ್ಲಿ ಅದರ ಆಧಾರದ ಮೇಲೆ ಒಂದು ಮಟ್ಟ ನಿಗದಿ ಮಾಡಿಕೊಂಡವು. ಅಮೆರಿಕ ಅದೇ ವರ್ಷ ಟಿವಿ ಜಾಹೀರಾತುಗಳ ಅಬ್ಬರಕ್ಕೆ ಕಾನೂನಿನ ಕಡಿವಾಣ ಹಾಕಿತು. ಇಂದು ಸ್ಪಾಟಿಫೈ, ಯೂಟ್ಯೂಬ್‌ನಂಥ ತಾಣಗಳು ಜೋರಾದ ಹಾಡನ್ನು ತಾವೇ ತಗ್ಗಿಸಿ ಉಳಿದವುಗಳ ಸಮಕ್ಕೆ ತರುತ್ತವೆ. ಇದರ ಫಲವೇನು? ಒತ್ತಿ ಒತ್ತಿ ಉಬ್ಬಿಸಿದ ಹಾಡಿನ ದನಿ ಇಳಿಯುತ್ತದೆ. ಏರಿಳಿತ ಉಳಿಸಿಕೊಂಡ ಹಾಡಿನ ಮೀಟುಗಳು ಅದಕ್ಕಿಂತ ಮೇಲೆದ್ದು ನಿಲ್ಲುತ್ತವೆ. ಕತ್ತು ಹಿಸುಕಿದ್ದಕ್ಕೆ ಕಾಸಿನ ಲಾಭವೂ ಇಲ್ಲವಾಯಿತು. ಆದರೂ ನಮ್ಮ ಎಷ್ಟೋ ಸ್ಟುಡಿಯೋಗಳು ಹಳೆಯ ಯುದ್ಧವನ್ನೇ ಹೋರಾಡುತ್ತಿವೆ. ಕದನವಿರಾಮದ ಸುದ್ದಿ ತಲುಪದ ಸೈನಿಕರಂತೆ!

ನಮ್ಮ ದೇಶದಲ್ಲಿಯೂ ಕಾಗದದ ಮೇಲೆ ಸದ್ದಿಗೆ ಮಿತಿಯಿದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. 1994ರ ಕೇಬಲ್ ಟೆಲಿವಿಷನ್ ನಿಯಮಗಳೂ ಜಾಹೀರಾತು ವಿಪರೀತ ಜೋರಾಗಿರಬಾರದು ಎನ್ನುತ್ತವೆ. ಬೀದಿಯ ಸದ್ದನ್ನು ಅಳೆಯಲು ಮೀಟರ್ ಹಿಡಿದು ಬರುವ ನಾವು, ಹಾಡಿನೊಳಗೇ ನಡೆಯುತ್ತಿರುವ ದಬ್ಬಾಳಿಕೆಯನ್ನು ಅಳೆಯಲು ಮಾತ್ರ ಮರೆತಿದ್ದೇವೆ. ಇದಕ್ಕೆ ಪೊಲೀಸರು ಬೇಕಾಗಿಲ್ಲ, ಕಿವಿ ಸಾಕು.

ಆದ್ದರಿಂದ ನಮ್ಮ ಬೇಡಿಕೆಗಳು ದೊಡ್ಡವಲ್ಲ. ಹಳೆಯ ಕನ್ನಡ ಹಾಡುಗಳನ್ನು ಮತ್ತೆ ಹೊರತರುವವರು ಮೂಲ ಟೇಪಿನ ಏರಿಳಿತವನ್ನು ಹಾಗೆಯೇ ಉಳಿಸಲಿ. ಹೊಸದಾಗಿ ಹಾಡು ಮಾಡುವವರು ಒತ್ತಿದ ಪ್ರತಿಯ ಜೊತೆ ಒತ್ತದ ಪ್ರತಿಯನ್ನೂ ಜೋಪಾನ ಮಾಡಲಿ. ಗಿಟಾರ್ ಕಲಿಸುವವರು ಮಕ್ಕಳಿಗೆ ಸ್ವರದ ಜೊತೆ, ಸ್ವರ ಆರುವವರೆಗೆ ಕಾಯುವುದನ್ನೂ ಕಲಿಸಲಿ. ಕೇಳುಗರಾದ ನಾವು, ಕಿವಿಗೆ ಬಿದ್ದ ಮೊದಲ ಐದು ಸೆಕೆಂಡಿನ ಅಬ್ಬರವನ್ನೇ ಗುಣವೆಂದು ತಿಳಿಯುವುದನ್ನು ಬಿಡೋಣ. ಮೆಲುದನಿಯನ್ನು ಕೊಂದವರ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ ಎನ್ನುವುದನ್ನು ಮರೆಯಬಾರದು.

ನಮ್ಮ ಬೀದಿಯ ಹುಡುಗ ಮತ್ತೆ ಸ್ಟುಡಿಯೋಗೆ ಹೋಗಿ ಮಾಸ್ಟರಿಂಗ್‌ಗೆ ಮುಂಚಿನ ಪ್ರತಿಯನ್ನು ಕೇಳಿ ಪಡೆದುಕೊಂಡು ಬಂದ. ಅಳಿಸಿಹಾಕಿರಲಿಲ್ಲ ಎನ್ನುವುದು ಅವನ ಪುಣ್ಯ. ಅದನ್ನು ಹಾಕಿದಾಗ ಸದ್ದು ಸಣ್ಣದಾಗಿತ್ತು. ಅಜ್ಜಿ ತಾವೇ ಎದ್ದು ಹೋಗಿ ಸ್ಪೀಕರಿನ ಗುಂಡಿಯನ್ನು ಒಂದಿಷ್ಟು ತಿರುಗಿಸಿ ಬಂದು ಕೂತರು. ಕೊನೆಯ ಸ್ವರ ಆರಿಹೋಗುವವರೆಗೂ ಯಾರೂ ಮಾತಾಡಲಿಲ್ಲ.

ಉದ್ಯಮದವರಿಗೆ ನಾವು ಹೇಳುವುದೂ ಅಷ್ಟೇ. ನಮಗೆ ಜೋರು ಬೇಕೆನಿಸಿದರೆ ಗುಂಡಿಯನ್ನು ನಾವೇ ತಿರುಗಿಸಿಕೊಳ್ಳುತ್ತೇವೆ. ನೀವು ಮೆಲುದನಿಯನ್ನು ಉಳಿಸಿಕೊಡಿ.